ಗರಗಸ ಹೆಂಗೈತಿ ಅಕ್ಕಾ

ದರ್ಜಿಯ ಕತ್ತರಿಗೆ ಔಡಲೆಣ್ಣೆ ಸವರಿ, ಎರಡು ಅಲಗುಗಳ ಸಂದಿಯಲ್ಲಿ ಕೂತಿದ್ದ ಜಿಡ್ಡನ್ನು ಹಳೇ ಪಂಚೆಯ ಚೂರಿನಿಂದ ತೀಡುತ್ತಿದ್ದೆ. ಇದು ನನ್ನ ಸೋಮವಾರದ ಕೆಲಸ. ನಾನು ಕಾಯುವ ಈ ‘ಎತ್ತಿ ನೋಡುವ ಮನೆ’ಯಲ್ಲಿ ಹತ್ಯಾರುಗಳನ್ನು ಮೊಳೆಯಿಂದ ಇಳಿಸಿ ಒರೆಸುವ ಪದ್ಧತಿಯಿಲ್ಲ. ನೇತಾಡುತ್ತಿದ್ದ ಹಾಗೆಯೇ ಒರೆಸಬೇಕು. ಕತ್ತರಿಯಾದ ಮೇಲೆ ಚಪ್ಪಲಿ ಹೊಲಿಯುವ ದಬ್ಬಳ, ಅದರಾಚೆ ಕಲಾಯಿ ಹಾಕುವವರ ಇಕ್ಕಳ, ಅಕ್ಕಸಾಲಿಗರ ಪುಟ್ಟ ಸುತ್ತಿಗೆ, ಕುಂಬಾರರು ಗಡಿಗೆ ತಟ್ಟುವ ಹಲಗೆ, ಶ್ಯಾವಿಗೆ ಮಣೆ, ಸೈಕಲ್ ರಿಪೇರಿಯವರು ನಟ್ಟು ಬಿಗಿಯುವ ಪಾನಾ. ಊರಿನಲ್ಲಿ ಎಷ್ಟು ಬಗೆಯ ಕಸುಬುಗಳಿವೆಯೋ ಅಷ್ಟು ಮೊಳೆಗಳು, ಒಟ್ಟು ನಲವತ್ತೇಳು. ಕೊನೆಯ ಮೊಳೆ ಕಿಟಕಿಯ ಪಕ್ಕದಲ್ಲಿದೆ. ಅದಕ್ಕೆ ತಲೆ ಬಾಚುವ ಹಣಿಗೆ ಮಾಡುವವರ ಸಣ್ಣ ಗರಗಸ ತೂಗುಬಿದ್ದಿದೆ. ಅಲ್ಲಿಗೆ ಬಂದಾಗ ಹನ್ನೊಂದು ವರ್ಷಗಳಿಂದಲೂ ನನ್ನ ಕೈ ತಾನಾಗಿ ನಿಧಾನವಾಗುತ್ತದೆ.

ಆ ಕಿಟಕಿಯ ಕೆಳಗಿನ ಗೂಡಿನಲ್ಲಿ ನನ್ನ ತಂಗಿ ಶಾವಂತ್ರಿಯ ಪತ್ರಗಳಿವೆ. ನಲವತ್ಮೂರು ವರ್ಷಗಳಲ್ಲಿ ಹದಿನೆಂಟು ಬಂದಿವೆ. ನಾನು ಒಂದಕ್ಕೂ ಉತ್ತರ ಕಳಿಸಿಲ್ಲ. ಮೊದಮೊದಲು ನನಗೆ ಅಕ್ಷರ ಬರುತ್ತಿರಲಿಲ್ಲ, ಅಂಚೆಯವನೇ ಓದಿ ಹೇಳುತ್ತಿದ್ದ. ಬರೆದು ಕೊಡುತ್ತೇನೆ ಎಂದೂ ಅಂದ, ನಾನು ಬೇಡವೆಂದೆ. ಈ ಉತ್ತರವನ್ನು ಇನ್ನೊಬ್ಬರ ಕೈಯಿಂದ ಬರೆಸುವಂತಿರಲಿಲ್ಲ. ಐವತ್ತೆಂಟನೆಯ ವಯಸ್ಸಿನಲ್ಲಿ ರಾತ್ರಿ ಶಾಲೆಗೆ ಸೇರಿ, ಮೆಹಬೂಬಿ ಟೀಚರ ಮುಂದೆ ಪಾಟಿ ಹಿಡಿದು ಕೂತು ಮೂರು ವರ್ಷದಲ್ಲಿ ಓದು ಬರಹ ಕಲಿತೆ. ಆಮೇಲೆ ವರ್ಷಕ್ಕೊಂದು ಲಕೋಟೆ ತಂದು ಬರೆಯಲು ಕೂರುತ್ತಿದ್ದೆ. ಊರಿನ ಸುದ್ದಿ ಬರೆಯುತ್ತಿದ್ದೆ, ಯಾರು ಹುಟ್ಟಿದರು ಯಾರು ಸತ್ತರು ಎಂದು ಬರೆಯುತ್ತಿದ್ದೆ, ಎರಡು ಹಾಳೆ ತುಂಬುತ್ತಿತ್ತು. ಆದರೆ ಶಾವಂತ್ರಿ ತನ್ನ ಪ್ರತಿ ಪತ್ರದ ಕೊನೆಯಲ್ಲೂ ಒಂದೇ ಮಾತು ಕೇಳುತ್ತಾಳೆ, "ಗರಗಸ ಹೆಂಗೈತಿ ಅಕ್ಕಾ?" ಅಲ್ಲಿಗೆ ಬಂದೊಡನೆ ಪೆನ್ನು ನಿಲ್ಲುತ್ತಿತ್ತು. ಹಾಳೆ ಒಲೆಗೆ ಹೋಗುತ್ತಿತ್ತು.

ಹದಿನೆಂಟನೆಯ ಪತ್ರ ಬಂದು ಆಗ ಇಪ್ಪತ್ತು ದಿನವಾಗಿತ್ತು. ಅಕ್ಷರಗಳು ಸಾಲು ತಪ್ಪಿ ಏರಿ ಇಳಿದಿದ್ದವು. "ಕಣ್ಣು ಮಂಜಾಗ್ಯಾವು ಅಕ್ಕಾ. ಡಾಕ್ಟರು ದೀಪಾವಳಿ ತನಕ ಅಂದಾರ. ಅಷ್ಟರೊಳಗ ನಿನ್ನ ಕೈಬರಹ ಒಂದ ಸಲ ನನ್ನ ಕಣ್ಣಿಲೆ ನಾನs ಓದಬೇಕಂತ ಆಸೆ ಐತಿ. ಗರಗಸ ಹೆಂಗೈತಿ?" ದೀಪಾವಳಿಗೆ ಎಂಟು ವಾರವಿತ್ತು. ಬೇರೆಯವರು ಓದಿ ಹೇಳುವ ಮಾತಲ್ಲ ನಾನು ಬರೆಯಬೇಕಾದದ್ದು. ಅವಳ ಕಣ್ಣು ಹೋದರೆ ನನ್ನ ಉತ್ತರಕ್ಕೆ ಹಾದಿಯೇ ಇರುವುದಿಲ್ಲ. ಆದರೂ ಪೆನ್ನು ಏಳುತ್ತಿರಲಿಲ್ಲ.

ನಮ್ಮೂರಿನ ಹತ್ಯಾರುಗಳ ಸಂಗತಿ ಹೊರಗಿನವರಿಗೆ ವಿಚಿತ್ರವೆನಿಸುತ್ತದಂತೆ. ನಮಗೆ ಅದು ಬಿಸಿಲು ನೆರಳಿನ ಹಾಗೆ. ಯಾರಿಂದ ಯಾವ ಕೆಲಸ ಊರಿಗೆ ಬೇಕೋ ಅವರ ಕೈಗೆ ಆ ಕೆಲಸದ ಹತ್ಯಾರು ಹಗುರ. ಬೇಡದವರ ಕೈಗೆ ಭಾರ. ಗೋಡೆಯ ಮೇಲಿನದು ಎತ್ತಿ ನೋಡಲಿಕ್ಕೆ ಮಾತ್ರ. ಆಮೇಲೆ ಸಂತೆಯಲ್ಲಿ ಹೊಸದನ್ನು ಕೊಂಡರೂ ಕೈಗೆ ಅಷ್ಟೇ ತೂಗುತ್ತದೆ. ಅದಕ್ಕೇ ಹೊಸ ಉದ್ಯೋಗ ಹೂಡುವವರು ಮೊದಲು ಇಲ್ಲಿಗೆ ಬರುತ್ತಾರೆ. ಎತ್ತಿದವರು ಹಗುರ ಎಂದೋ ಭಾರ ಎಂದೋ ಬಾಯಿಬಿಟ್ಟು ಹೇಳಬೇಕು. ತೂಕ ಎತ್ತಿದವರಿಗಷ್ಟೇ ತಿಳಿಯುವುದರಿಂದ ಅವರ ಮಾತೇ ಕೊನೆ. ಸುಳ್ಳು ಹೇಳಿದರೆ ಎಂದು ಯಾರೂ ಕೇಳುವುದಿಲ್ಲ. ಭಾರವನ್ನು ಹಗುರ ಎಂದವರು ಅದನ್ನು ದಿನಾ ಎತ್ತಬೇಕಲ್ಲ!

ಮೊಬೈಲ್ ರಿಪೇರಿಯ ಕಡ್ಡಿಯಂಥ ಸ್ಕ್ರೂ ಡ್ರೈವರನ್ನು ಗೋಡೆಗೆ ಹಾಕಿದ ವರ್ಷ ಅದು ಗಾಳಿಗೆ ಅಲುಗಾಡುತ್ತಿತ್ತು. ಈಗ ಊರಿನಲ್ಲಿ ಒಂಬತ್ತು ಅಂಗಡಿಗಳಾಗಿವೆ, ಹತ್ತನೆಯವರಾಗಲು ಬಂದ ಇಬ್ಬರು ಗಟ್ಟಿಮುಟ್ಟಾದ ಗಂಡಸರು ಸೇರಿ ಜಗ್ಗಿದರೂ ಅದು ಮೊಳೆ ಬಿಟ್ಟು ಬರಲಿಲ್ಲ. ಇನ್ನೊಂದನ್ನೂ ನನ್ನ ಕಣ್ಣಾರೆ ಕಂಡಿದ್ದೇನೆ. ಊರಿನ ಕಡೆಯ ಕುಂಬಾರ ತೀರಿಕೊಂಡ ದಿನ ಗಡಿಗೆ ತಟ್ಟುವ ಹಲಗೆ ಮೊಳೆಯಿಂದ ಕಳಚಿಕೊಂಡು ಮೇಲಕ್ಕೆ ತೇಲಿತು. ಬಿದ್ದದ್ದಲ್ಲ, ತೇಲಿದ್ದು. ಹೋಗಿ ಜಂತೆಗೆ ತಾಗಿ ನಿಂತಿತು. ಹನ್ನೊಂದು ದಿನ ಅಲ್ಲೇ ಇತ್ತು. ಊರಿನವರು ಬಂದು ಕತ್ತೆತ್ತಿ ನೋಡಿ ಕೈಮುಗಿದು ಹೋಗುತ್ತಿದ್ದರು. ಹನ್ನೆರಡನೆಯ ದಿನ ಇಟ್ಟಿಗೆ ಭಟ್ಟಿಯಲ್ಲಿ ದುಡಿಯುತ್ತಿದ್ದ ಒಬ್ಬ ಹೆಣ್ಣುಮಗಳು ಸುಮ್ಮನೆ ನೋಡಲು ಬಂದವಳು ಕೈ ಮೇಲೆತ್ತಿದಳು. ಹಲಗೆ ಇಳಿದು ಬಂದು ಅವಳ ಅಂಗೈಯಲ್ಲಿ ಕೂತಿತು, ಸಾಕಿದ ಗಿಳಿಯ ಹಾಗೆ. ಈಗ ಊರಿಗೆಲ್ಲ ಅವಳದೇ ಗಡಿಗೆ.

ಆ ಸೋಮವಾರ ನಾನು ಪಾನಾಕ್ಕೆ ಎಣ್ಣೆ ಹಚ್ಚುವಾಗ ಬಾಗಿಲಲ್ಲಿ ಇಬ್ಬರು ಹೆಂಗಸರು ನಿಂತರು. ಮುಂದಿದ್ದವಳಿಗೆ ಅರವತ್ತು ದಾಟಿರಬೇಕು, ಹಣೆಯಲ್ಲಿ ಕಾಸಗಲ ಕುಂಕುಮ. ಹಿಂದಿದ್ದವಳು ಮೂವತ್ತರ ಒಳಗಿನವಳು, ಕಂಕುಳಲ್ಲಿ ಗಂಟು.

"ಯವ್ವಾ, ಉದ್ಯೋಗ ತೋರಸೂ ಮನಿ ಇದs ಏನ್ರಿ?" ಎಂದಳು ಮುಂದಿದ್ದವಳು.

"ತೋರಸೂದಿಲ್ಲವ್ವಾ, ನೀವs ಎತ್ತಿ ನೋಡಬೇಕು. ಬರ್ರಿ, ಕುಂದರ್ರಿ."

ಹಿರಿಯವರ ಹೆಸರು ತಿಪ್ಪವ್ವ. ಜೊತೆಗಿದ್ದವಳು ಸೊಸೆ ಸರಸಾ. ದೂರದ ಊರಿನ ಹತ್ತಿ ಗಿರಣಿಯಲ್ಲಿ ಇಬ್ಬರೂ ದುಡಿಯುತ್ತಿದ್ದರು, ಗಿರಣಿ ಬಾಗಿಲು ಹಾಕಿತು. ಮಗ ಲಾರಿಯ ಮೇಲೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಇಲ್ಲಿ ಏನಾದರೂ ಸ್ವಂತದ್ದು ಹೂಡೋಣವೆಂದು ಬಂದಿದ್ದರು.

"ಎತ್ತಿ ನೋಡೂದಂದ್ರ ಈಗs ನೋಡ್ತೀವಲ್ಲ," ಎಂದು ತಿಪ್ಪವ್ವ ಸೆರಗು ಸಿಕ್ಕಿಸಿಕೊಂಡರು.

"ಈಗ ಬ್ಯಾಡ. ಮೊದಲ ಮೂರು ದಿನ ಓಣಿ ಓಣಿ ತಿರಗ್ರಿ. ಪ್ರತಿ ಕಸಬಿನವರ ಹಂತ್ಯಾಕ ಕುಂತು ನಾಕ ಮಾತು ಕೇಳ್ರಿ. ಏನ ಮಾಡ್ತೀರಿ, ಮಾಲು ಎಲ್ಲಿಂದ ಬರ್ತದ, ಯಾರು ಕೊಳ್ತಾರ, ಕೈಯಾಗ ಏನ ಹಿಡೀತೀರಿ. ಗೊತ್ತಿಲ್ಲದ್ದನ್ನ ಎತ್ತಿದ್ರ ಅದು ಹಗುರೋ ಭಾರೋ ಕೈಗೂ ತಿಳಿಯೂದಿಲ್ಲ."

"ಅಯ್ಯ, ನಮ್ಮ ಸೊಸೀನ ನೋಡಾಕ ಹೋದಾಗ್ಲೂ ನಾ ಇಷ್ಟ ಕೇಳಿರಲಿಲ್ಲ," ಎಂದರು ತಿಪ್ಪವ್ವ.

"ಕೇಳಿದ್ರ ತರ್ತಿದ್ದಿಲ್ಲ ಬಿಡ್ರಿ ಅತ್ತಿ," ಎಂದಳು ಸರಸಾ. ಇಬ್ಬರೂ ನಕ್ಕರು. ಒಂದೇ ಯಂತ್ರದ ಎರಡು ಬದಿಗೆ ನಿಂತು ಎಂಟು ವರ್ಷ ದುಡಿದವರ ನಗೆ ಅದು. ಯಾರು ಮೊದಲು ನಕ್ಕರೆಂದು ತಿಳಿಯುವಂತಿರಲಿಲ್ಲ.

ಗುರುವಾರ ಮಧ್ಯಾಹ್ನ ಧೂಳುಗಾಲಲ್ಲಿ ಬಂದರು. ಸರಸಾಳ ಕೈಯಲ್ಲಿ ಹಳೇ ಕ್ಯಾಲೆಂಡರಿನ ಹಾಳೆ, ಅದರ ಹಿಂಬದಿಯ ತುಂಬ ಬರಹ. ಅವಳು ಓದುತ್ತ ಹೋದಳು, ತಿಪ್ಪವ್ವ ನಡುನಡುವೆ ಒಗ್ಗರಣೆ ಹಾಕುತ್ತ ಹೋದರು. ಗಾಣದ ಓಣಿಯಲ್ಲಿ ಕುಸುಬೆ ತೆಂಕಣ ಹಳ್ಳಿಗಳಿಂದ ಬರುತ್ತದೆ, ಎಣ್ಣೆ ಊರಿನಲ್ಲೇ ಮುಗಿಯುತ್ತದೆ. "ಗಾಣದವಗ ಮಾತ ಭಾಳ, ಎಣ್ಣಿಗಿಂತ ಅದs ಹೆಚ್ಚ ಸುರೀತದ." ಶ್ಯಾವಿಗೆಯವರಿಗೆ ಮದುವೆಯ ಕಾಲದಲ್ಲಿ ಕೈಗೆ ಬಿಡುವಿಲ್ಲ, ಮಳೆಗಾಲದಲ್ಲಿ ಕೈಗೆ ಕೆಲಸವಿಲ್ಲ. ಬಣ್ಣದವರ ಓಣಿಯಲ್ಲಿ ಬಾವಿಯ ನೀರು ಉಪ್ಪಾಗಿ ಸವಳಾದಾಗಿನಿಂದ ಕೆಂಪು ಬಣ್ಣ ನಿಲ್ಲುತ್ತಿಲ್ಲ, ಅವರು ನೀಲಿಯನ್ನೇ ಹಿಡಿದಿದ್ದಾರೆ. ಸೈಕಲ್ ರಿಪೇರಿಯವನು ಒಬ್ಬನೇ ಇದ್ದಾನೆ, ಅವನಿಗೂ ಸೊಂಟ ಹಿಡಿದಿದೆ, ಶಾಲೆ ಮಕ್ಕಳ ಸೈಕಲ್ಲುಗಳು ಅವನ ಬಾಗಿಲಲ್ಲಿ ವಾರಗಟ್ಟಲೆ ಮಲಗಿರುತ್ತವೆ. ಕೌದಿ ಓಣಿಯಲ್ಲಿ ನಾಲ್ವರು ಹೊಲಿಯುತ್ತಿದ್ದರು, ಒಬ್ಬ ಮುದುಕಿಯ ಬೆರಳು ಮೊನ್ನೆ ಸೋತು ಈಗ ಮೂವರಾಗಿದ್ದಾರೆ. ಹಳೇ ಸೀರೆಗಳ ಗಂಟು ಅಲ್ಲಿ ಮಾಡಿನವರೆಗೆ ಬೆಳೆದಿದೆ.

ಕೌದಿಯ ಮಾತು ಬಂದಾಗ ಸರಸಾಳ ದನಿ ಬದಲಾಯಿತು. ಗಂಟು ಬಿಚ್ಚಿ ಒಂದು ಕೌದಿ ಹರವಿದಳು. ನಾನು ಎಪ್ಪತ್ತೆರಡು ವರ್ಷದಲ್ಲಿ ಬೇಕಾದಷ್ಟು ಕೌದಿ ಹೊದ್ದಿದ್ದೇನೆ, ಅಂಥದ್ದನ್ನು ನೋಡಿರಲಿಲ್ಲ. ನಡುವೆ ಗಿರಣಿಯ ಚಕ್ರ, ಸುತ್ತ ಬಿಳಿ ಚೂರುಗಳು ಹತ್ತಿಯ ಹಾಗೆ ಹಾರುತ್ತಿದ್ದವು.

"ಹೊಲಿಗಿ ಅತ್ತೀದು, ಚಿತ್ರ ನಂದು," ಎಂದಳು. "ನಾನೂ ಹೊಲೀತೀನ್ರಿ. ಇದs ಮಾಡಬೇಕಂತ ಬಂದೀನ್ರಿ."

"ಹೊಲೀತಾಳ, ಹೊಲೀತಾಳ," ಎಂದರು ತಿಪ್ಪವ್ವ. "ಬೆರಳಿಗೆ ಹೆಚ್ಚ ಚುಚ್ಚಿಕೊಳ್ತಾಳ, ಬಟ್ಟಿಗೆ ಕಡಿಮಿ."

ಕೌದಿ ಸೂಜಿ ಇಪ್ಪತ್ತಮೂರನೆಯ ಮೊಳೆಯಲ್ಲಿ ದಾರಕ್ಕೆ ಕಟ್ಟಿ ಇಳಿಬಿಟ್ಟದ್ದು, ಒಂದು ಬೆರಳುದ್ದ. ಓಣಿಯಲ್ಲಿ ಒಬ್ಬರಿಗೇ ಜಾಗ. ಇಬ್ಬರಲ್ಲಿ ಒಬ್ಬರಿಗಾದರೂ ಹಗುರವಾದೀತು ಎಂದು ನಾನು ಮಣೆಯನ್ನು ಅದರಡಿ ಸರಿಸಿ, ದಾರ ಸಡಿಲಿಸಿ ಸೂಜಿಯನ್ನು ಅದರ ಮೇಲೆ ಇಳಿಸಿದೆ. ಸರಸಾ ಮೊದಲು ಕೂತಳು. ಎರಡು ಬೆರಳಲ್ಲಿ ಹಿಡಿದಳು.

ಅವಳ ಉಸಿರು ನಿಂತಿತು. ಹೆಗಲು ಒಂದು ಬದಿಗೆ ವಾಲಿತು. ಮಣಿಕಟ್ಟಿನ ನರ ಹಗ್ಗದ ಹಾಗೆ ಎದ್ದಿತು. ಸೂಜಿ ಮಣೆ ಬಿಟ್ಟು ಮೇಲೆ ಬಂದಿತು, ಗೇಣು ಎತ್ತರ, ಮೊಳ ಎತ್ತರ. ಕೈತುಂಬ ಹಸಿರು ಬಳೆ ತೊಟ್ಟ ಹುಡುಗಿ, ಒಂದು ಬಳೆಯೂ ಮಿಸುಕಲಿಲ್ಲ. ಕೆಳಗಿಟ್ಟು, ಹಣೆಯ ಬೆವರು ಒರೆಸದೆ, ನನ್ನ ಮುಖ ನೋಡದೆ ಹೇಳಿದಳು.

"ಹಗುರ ಐತ್ರಿ."

ಆ ಕೈಯನ್ನು ನಾನು ಬಲ್ಲೆ. ಅದು ನನ್ನದೇ ಕೈ.

ನಮ್ಮಪ್ಪ ಹಣಿಗೆ ಮಾಡುತ್ತಿದ್ದ. ಬೇವಿನ ಕಟ್ಟಿಗೆಯನ್ನು ತೆಳ್ಳಗೆ ಸೀಳಿ, ಹಲ್ಲು ಕುಯ್ದು, ಎಣ್ಣೆಯಲ್ಲಿ ನೆನೆಸಿ ಕೊಡುತ್ತಿದ್ದ. ಅವನು ಹೋದಾಗ ನಾನು ಗಂಡನನ್ನು ಕಳೆದುಕೊಂಡು ತವರಿಗೆ ಬಂದು ಎರಡು ವರ್ಷವಾಗಿತ್ತು. ನನಗೆ ಇಪ್ಪತ್ತೊಂಬತ್ತು, ಶಾವಂತ್ರಿಗೆ ಇಪ್ಪತ್ತೆರಡು. ಇಬ್ಬರೂ ಅಪ್ಪನ ಹತ್ತಿರವೇ ಕಲಿತವರು, ಆದರೆ ಅವಳು ಕುಯ್ದ ಹಲ್ಲು ಕೂದಲಷ್ಟು ಸಣ್ಣ. ಊರಿಗೆ ಒಬ್ಬ ಹಣಿಗೆಯವಳು ಸಾಕಾಗಿತ್ತು. ಇದೇ ಮನೆಗೆ, ಆಗಿನ ಹಿರಿಯ ಶಿವಪುತ್ರಜ್ಜನ ಮುಂದೆ, ಇಬ್ಬರೂ ಬಂದೆವು. ಮೊದಲು ನಾನು ಎತ್ತಿದೆ. ಬೀಸುವ ಕಲ್ಲು ಎತ್ತಿದ ಹಾಗಾಯಿತು. ಆ ಒಂದು ಗಳಿಗೆಯಲ್ಲಿ ನನಗೆ ಕಂಡದ್ದು ಇಷ್ಟೇ: ಗಂಡನಿಲ್ಲ, ಅಪ್ಪನಿಲ್ಲ, ಇದೂ ಇಲ್ಲವಾದರೆ ನಾನು ಯಾರ ಮನೆಯ ಹಿತ್ತಲಲ್ಲಿ ಪಾತ್ರೆ ತೊಳೆಯಲಿ? ಹಲ್ಲು ಕಚ್ಚಿ, ಹಗುರ ಎಂದೆ. ಆಮೇಲೆ ಶಾವಂತ್ರಿ ಎತ್ತಿದಳು. ಸೊಂಟ ಬಗ್ಗಿಸಿ ನರಳಿದಳು. "ಭಾರ ಐತಿ ಅಜ್ಜಾ, ನನ್ನ ಕೈಲಾಗೂದಿಲ್ಲ," ಎಂದು ಕೆಳಗಿಟ್ಟಳು. ಎಂಟು ದಿನದಲ್ಲಿ ಬಸ್ಸು ಹತ್ತಿದಳು. ಬೇರೆ ಊರು, ಬೇರೆ ಕೆಲಸ, ಆಮೇಲೆ ಮದುವೆ.

ಈ ಮನೆ ಕಾಯಲು ಬರುವವರೆಗೆ ನಾನು ಮೂವತ್ತೆರಡು ವರ್ಷ ಅಪ್ಪನ ಗರಗಸ ಎತ್ತಿದೆ. ಅಪ್ಪ ದಿನಕ್ಕೆ ಇಪ್ಪತ್ತು ಹಣಿಗೆ ಮಾಡುತ್ತಿದ್ದಲ್ಲಿ ನನ್ನಿಂದ ಐದು ಆಗುತ್ತಿತ್ತು. ಫಕೀರವ್ವ ಸಾವಕಾಶದವಳು, ತಾಳ್ಮೆಯವಳು ಎಂದು ಊರು ಹೊಗಳಿತು. ನನ್ನ ಬಲಗೈ ಎಡಗೈಗಿಂತ ಎರಡು ಬೆರಳು ಉದ್ದವಾಯಿತು. ಒಂದೇ ಸಮಾಧಾನವೆಂದರೆ, ಭಾರ ಇಬ್ಬರಿಗೂ ಇತ್ತು, ಅವಳು ಕೆಳಗಿಟ್ಟಳು, ನಾನು ಹೊತ್ತೆ. ಸುಳ್ಳು ಹೇಳಿದ್ದರೂ ಅವಳದೇನನ್ನೂ ಕಸಿದಿಲ್ಲ. ನಲವತ್ಮೂರು ವರ್ಷ ಇದನ್ನು ನನಗೆ ನಾನೇ ಹೇಳಿಕೊಂಡು ಊಟ ಮಾಡಿದ್ದೇನೆ, ನಿದ್ದೆ ಮಾಡಿದ್ದೇನೆ.

ಮಣೆಯ ಮುಂದೆ ಈಗ ತಿಪ್ಪವ್ವ ಕೂತಿದ್ದರು. ಅವರು ಸೊಸೆಯ ಹಣೆಯ ಬೆವರನ್ನು ಒಂದು ಗಳಿಗೆ ನೋಡಿದರು. ಆಮೇಲೆ ಸೂಜಿಗೆ ಕೈ ಹಾಕಿದರು.

"ಅಯ್ಯಯ್ಯಪ್ಪಾ! ಏನ್ ಭಾರ ಐತ್ರಿ ಇದು! ಸೂಜಿಯೋ ಕಬ್ಬಿಣದ ಹಾರಿಯೋ!" ಸೊಂಟ ಬಗ್ಗಿಸಿದರು, ಕಣ್ಣು ಮುಚ್ಚಿದರು, ನರಳಿದರು. ನಾಟಕದವರೂ ನಾಚಬೇಕು ಹಾಗೆ. ಆದರೆ ಕೈ ಮೇಲೇಳುತ್ತಿದ್ದಂತೆ ಅವರ ಬಳೆಗಳು ಮಣಿಕಟ್ಟಿನಿಂದ ಜಾರಿ ಮೊಳಕೈ ಕಡೆಗೆ ಸರಿದವು. ಝಣ್ ಎಂದವು.

ಭಾರ ಹೊತ್ತ ಕೈ ಬಿಗಿದಿರುತ್ತದೆ, ಬಳೆಗೆ ಬಾಯಿ ಬರುವುದಿಲ್ಲ. ಹಗುರ ಕೈಯೇ ಸದ್ದು ಮಾಡುವುದು.

ಆ ಸದ್ದು ನನಗೆ ಹೊಸದಾಗಿರಲಿಲ್ಲ. ಶಾವಂತ್ರಿ ನರಳುತ್ತ ಗರಗಸ ಎತ್ತಿದಾಗ ಅವಳ ಕೆಂಪು ಗಾಜಿನ ಬಳೆಗಳು ಝಣ್ ಎಂದು ಜಾರಿದ್ದು ನನ್ನ ಕಿವಿಯಲ್ಲಿ ನಲವತ್ಮೂರು ವರ್ಷದಿಂದ ಉಳಿದಿತ್ತು. ಹಲ್ಲು ಕುಯ್ಯುವಾಗ ಕೇಳುತ್ತಿತ್ತು, ನೀರು ಸೇದುವಾಗ ಕೇಳುತ್ತಿತ್ತು. ಯಾಕೆ ಅದೊಂದೇ ಸದ್ದು ಹೀಗೆ ಬೆನ್ನು ಹತ್ತಿದೆಯೆಂದು ತಿಳಿದಿರಲಿಲ್ಲ. ಈಗ ತಿಳಿಯಿತು. ಗರಗಸ ಅವಳಿಗೆ ಹಗುರವಾಗಿತ್ತು. ಹೂವಿನಷ್ಟು ಹಗುರ. ನನ್ನ ಕೈಯ ನರ ನೋಡಿದ್ದಳು, ನನ್ನ ಸುಳ್ಳನ್ನೂ ಅದರ ಹಿಂದಿನ ಹೆದರಿಕೆಯನ್ನೂ ನೋಡಿದ್ದಳು. ನೋಡಿ, ಇಪ್ಪತ್ತೆರಡು ವರ್ಷದ ಹುಡುಗಿ, ತನ್ನದಾದದ್ದನ್ನು ಕೆಳಗಿಟ್ಟು ಎದ್ದು ಹೋಗಿದ್ದಳು. ಆಮೇಲೆ ಹದಿನೆಂಟು ಸಲ ಕೇಳಿದ್ದಳು, ಗರಗಸ ಹೆಂಗೈತಿ ಅಕ್ಕಾ ಎಂದು. ಹಳೇ ಮನೆಯ ನೆನಪಿಗೆ ಕೇಳುತ್ತಾಳೆಂದುಕೊಂಡಿದ್ದೆ. ಕೆಲವೊಮ್ಮೆ ಚುಚ್ಚುತ್ತಾಳೆಂದೂ ಅಂದುಕೊಂಡಿದ್ದೆ. ಅವಳು ನನ್ನ ಕೈಯನ್ನು ವಿಚಾರಿಸುತ್ತಿದ್ದಳು.

ತಲೆಯ ಮೇಲೆ ಹಲಗೆ ತೇಲಿದ್ದನ್ನು ಕಂಡವಳು ನಾನು. ಅದು ಇದರ ಮುಂದೆ ಏನೂ ಅಲ್ಲ.

"ಹಂಗಾದ್ರ ಸೂಜಿ ನಮ್ಮ ಸರಸಾಂದು," ಎಂದು ತಿಪ್ಪವ್ವ ಕೈ ಝಾಡಿಸಿ ಎದ್ದರು. "ಬರಕೊಳ್ರಿ ಯವ್ವಾ, ನಿಮ್ಮ ಪುಸ್ತಕದಾಗ."

ನನ್ನಿಂದ ಬರೆಯಲಾಗಲಿಲ್ಲ. ಎತ್ತಿದವರ ಮಾತೇ ಕೊನೆ ಎಂಬುದು ಈ ಮನೆಯ ಕಟ್ಟಳೆ, ನಾನು ಅದನ್ನು ಕಾಯುವವಳು. ಆ ದಿನ ಮುರಿದೆ.

"ಸೂಜಿ ಆಕೀಗೆ ಭಾರ ಐತಿ. ನಿಮಗ ಹಗುರ ಐತಿ," ಎಂದೆ.

ತಿಪ್ಪವ್ವನ ಮುಖ ಕೆಂಪಾಯಿತು. "ನಿಮಗ ಹೆಂಗ ಗೊತ್ತರಿ? ಕೈ ನಂದು."

"ನಿಮ್ಮ ಕೈಬಳಿ ಹೇಳಿದ್ವು. ಆಕಿನ್ವು ಹೇಳಲಿಲ್ಲ." ನಾನು ಕುಪ್ಪಸದ ತೋಳು ಮೇಲೆ ಸರಿಸಿ ಬಲಗೈಯನ್ನೂ ಎಡಗೈಯನ್ನೂ ಮುಂದೆ ಚಾಚಿ ಹಿಡಿದೆ. "ಸರಸಾ, ಇಲ್ಲಿ ನೋಡವಾ. ನಾನೂ ನಿನ್ಹಂಗ ಹಗುರ ಅಂದಾಕಿ. ಮೂವತ್ತೆರಡು ವರ್ಷ ಅಂದೆ."

ಸರಸಾ ನನ್ನ ಎರಡು ಕೈಗಳ ಬೆರಳ ತುದಿಗಳನ್ನು ನೋಡಿದಳು. ಒಂದು ಮುಂದೆ, ಒಂದು ಹಿಂದೆ. "ಗಿರಣ್ಯಾಗೂ ತಿಪ್ಪವ್ವನ ಸೊಸಿ ಅಂತ ನೌಕರಿ ಕೊಟ್ರು. ಕೌದಿ ನೋಡಿದವರೂ ತಿಪ್ಪವ್ವನ ಹೊಲಿಗಿ ಅಂತಾರ. ಒಂದರೆ ನಂದು ಅಂತ ಇರಬಾರದೇನ್ರಿ?" ಎಂದು ಅತ್ತೆಯ ಕಡೆ ತಿರುಗಿದಳು. "ನೀವ್ಯಾಕ ಭಾರ ಅಂದ್ರಿ ಅತ್ತಿ?"

"ನೀ ಯಾಕ ಹಗುರ ಅಂದಿ?" ತಿಪ್ಪವ್ವ ಗದರಿದರು, ಆದರೆ ಕಣ್ಣು ಒರೆಸಿಕೊಳ್ಳುತ್ತಲೇ ಗದರಿದರು. "ಇಷ್ಟ ಆಸೆ ಪಟ್ಟೀದಿ. ನಾ ಇನ್ನ ಎಷ್ಟ ದಿನ ಹೊಲಿಯಾಕಿ? ತಗೋಲಿ ಬಿಡು ಅಂದ್ಕೊಂಡೆ."

"ನೀವು ಬಿಟ್ಟುಕೊಟ್ರ ಅದು ಆಕೀಗೆ ಹಗುರ ಆಗೂದಿಲ್ಲವ್ವಾ," ಎಂದೆ. "ಭಾರಾನs ಕೊಟ್ಹಂಗ ಆಗ್ತದ." ಈ ಮಾತನ್ನು ಅವರಿಗೆ ಹೇಳಿದೆನೋ, ದೂರದ ಊರಿನಲ್ಲಿ ಕಣ್ಣು ಮಂಜಾಗಿ ಕೂತವಳಿಗೆ ಹೇಳಿದೆನೋ ನನಗೇ ತಿಳಿಯಲಿಲ್ಲ. ಅವಳ ಮೇಲೆ ಸಿಟ್ಟೂ ಬಂತು. ಆ ದಿನ ಒಂದು ಮಾತು ಅಂದಿದ್ದರೆ? ಅಕ್ಕಾ ಸುಳ್ಳ ಹೇಳಬ್ಯಾಡ ಅಂತ ಒಂದೇ ಮಾತು? ಆದರೆ ಅಂದಿದ್ದರೆ ನಾನು ಕೇಳುತ್ತಿದ್ದೆನೇ? ಇಲ್ಲ. ಜಗಳ ತೆಗೆಯುತ್ತಿದ್ದೆ.

ತಿಪ್ಪವ್ವ ಸೂಜಿಯನ್ನು ಮತ್ತೆ ಎತ್ತಿ, ಈ ಸಲ ನರಳದೆ, ಸಣ್ಣ ದನಿಯಲ್ಲಿ "ಹಗುರ" ಎಂದರು. ನಾನು ಬರೆದುಕೊಂಡೆ. ಸರಸಾ ಮೂಗು ಒರೆಸಿಕೊಂಡು ಎದ್ದು ಗೋಡೆಯುದ್ದಕ್ಕೂ ನಡೆಯತೊಡಗಿದಳು. ಕತ್ತರಿ ಭಾರ. ದಬ್ಬಳ ಭಾರ. ಶ್ಯಾವಿಗೆ ಮಣೆಯ ಹಿಡಿಕೆ ಅರ್ಧ ಎದ್ದು ಕೂತುಬಿಟ್ಟಿತು. ಅಕ್ಕಸಾಲಿಗರ ಸುತ್ತಿಗೆಯಂತೂ ಮೊಳೆಗೆ ಬೆಸೆದುಕೊಂಡಂತಿತ್ತು. ಅವಳ ಮುಖ ಇಳಿಯುತ್ತ ಹೋಯಿತು.

"ಅದು ಏನ್ರಿ?" ಎಂದಳು ಒಂದು ಕಡೆ ನಿಂತು.

"ಪಾನಾ. ಸೈಕಲ್ಲಿನವರದು."

"ಗೊತ್ರಿ. ಗಿರಣ್ಯಾಗ ಬೆಲ್ಟ್ ಕಳಚಿದಾಗೆಲ್ಲ ಪಾನಾ ಹಿಡದು ನಾನs ಬಿಗೀತಿದ್ದೆ. ಮೇಸ್ತ್ರಿ ಬರೂತನಕ ಯಾರು ಕಾಯ್ತಾರ್ರಿ," ಎನ್ನುತ್ತ ಕೈ ಚಾಚಿದಳು.

ಎತ್ತಿದಳೆನ್ನುವುದು ತಪ್ಪು. ಪಾನಾವೇ ಅವಳ ಕೈಯನ್ನು ಎತ್ತಿಕೊಂಡು ಹೋಯಿತು. ತೋಳು ತಲೆಯ ಮೇಲಕ್ಕೆ ಹಾರಿ, ಹಸಿರು ಬಳೆಗಳೆಲ್ಲ ಒಟ್ಟಿಗೆ ಝಣಝಣ ಸುರಿದು ಮೊಳಕೈಗೆ ಬಂದವು. ಅವಳು ತುದಿಗಾಲಲ್ಲಿ ನಿಂತುಬಿಟ್ಟಿದ್ದಳು. ಕಬ್ಬಿಣದ ಆ ಪಾನಾ ಅವಳ ಬೆರಳುಗಳಲ್ಲಿ ನವಿಲುಗರಿಯ ಹಾಗೆ ಅಲುಗುತ್ತಿತ್ತು. ಹನ್ನೊಂದು ವರ್ಷದಿಂದ ಈ ಮನೆ ಕಾಯುತ್ತಿದ್ದೇನೆ, ಎಷ್ಟೋ ಜನ ಎತ್ತುವುದನ್ನು ನೋಡಿದ್ದೇನೆ, ಆದರೂ ಪ್ರತಿ ಸಲವೂ ನನ್ನ ಮೈಮೇಲಿನ ಕೂದಲು ನಿಲ್ಲುತ್ತದೆ. ಊರು ಬಾಯಿಲ್ಲದೆ ಒಬ್ಬರನ್ನು ಹೆಸರು ಹಿಡಿದು ಕರೆಯುವುದೆಂದರೆ ಹೀಗೆ.

ತಿಪ್ಪವ್ವನಿಗೆ ಮೊದಲು ಮಾತು ಬಂತು. "ಸೀರಿ ಉಟಗೊಂಡು ಸೈಕಲ್ ಟಯರ್ ಬಿಚ್ಚತಿ? ನನ್ನ ಮಗ ಲಾರಿ ಬಿಟ್ಟು ಓಡಿ ಬರ್ತಾನ!"

"ಬರಲಿ ಬಿಡ್ರಿ. ಹಂಗರೆ ಮನೀಗ ಬರ್ತಾರ," ಎಂದಳು ಸರಸಾ. ಈ ಸಲ ಯಾರು ಮೊದಲು ನಕ್ಕರೆಂದು ತಿಳಿಯಿತು. ಅವಳೇ.

ಹೋಗುವಾಗ ಬಾಗಿಲಲ್ಲಿ ತಿರುಗಿ ಕೇಳಿದಳು, "ಅಮ್ಮಾ, ನೀವು ಎತ್ತಿದ್ದು ಯಾವುದು?" ನಾನು ಕಿಟಕಿಯ ಕಡೆ ತೋರಿಸಿದೆ. "ಈಗ ಎತ್ತಿ ನೋಡೀರೇನ್ರಿ?" ಇಲ್ಲವೆಂದು ತಲೆಯಾಡಿಸಿದೆ. ಅವಳು ಅತ್ತೆಯ ಹಿಂದೆ ಮೆಟ್ಟಿಲಿಳಿದಳು.

ಅವರು ಓಣಿಯ ತಿರುವು ದಾಟುವವರೆಗೆ ನಿಂತಿದ್ದೆ. ಆಮೇಲೆ ಒಳಗೆ ಬಂದು ನಲವತ್ತೇಳನೆಯ ಮೊಳೆಯ ಮುಂದೆ ನಿಂತೆ. ನಾನು ಇಲ್ಲಿಗೆ ಬಂದಾಗ ತಂದು ತೂಗುಹಾಕಿದ ಅಪ್ಪನ ಗರಗಸವೇ ಅದು, ಹಿಡಿಕೆಯ ಮೇಲೆ ಅವನ ಹೆಬ್ಬೆರಳಿನ ಗುಳಿ ಇನ್ನೂ ಇತ್ತು. ನನ್ನದು ಅದರಲ್ಲಿ ಯಾವತ್ತೂ ಸರಿಯಾಗಿ ಕೂರಲಿಲ್ಲ. ಒಂದು ಆಸೆಯಿತ್ತು, ಸುಳ್ಳು ಯಾಕೆ ಹೇಳಲಿ. ಇವತ್ತು ನಾಲ್ಕು ಜನರಿಗೆ ಕೇಳುವ ಹಾಗೆ ಅಲ್ಲದಿದ್ದರೂ ಇಬ್ಬರ ಮುಂದೆ ನಿಜ ಒಪ್ಪಿಕೊಂಡೆನಲ್ಲ, ಗರಗಸ ಸ್ವಲ್ಪವಾದರೂ ಕರಗಿರಬಹುದು ಎಂಬ ಆಸೆ. ಎತ್ತಿದೆ. ಬೀಸುವ ಕಲ್ಲು. ಅಂದಿನಷ್ಟೇ, ಒಂದು ಗುಲಗಂಜಿ ಕಡಿಮೆಯಿಲ್ಲ. ಮುದಿ ಮಣಿಕಟ್ಟಿನ ನರ ಎದ್ದಿತು, ಬೆಳ್ಳಿಯ ಎರಡು ಬಳೆಗಳು ಉಸಿರು ಬಿಡಲಿಲ್ಲ.

ವಿಚಿತ್ರವೆಂದರೆ ನನಗೆ ಬೇಸರವಾಗಲಿಲ್ಲ. ಗರಗಸ ನನ್ನ ಮುಖ ನೋಡಿ ಮಾತು ಬದಲಿಸುವಂಥದ್ದಲ್ಲ. ಮೂವತ್ತೆರಡು ವರ್ಷ ದಿನವೂ ಒಂದೇ ನಿಜ ಹೇಳಿತ್ತು, ಇವತ್ತೂ ಅದನ್ನೇ ಹೇಳಿತು. ಅದನ್ನು ಮೊಳೆಗೆ ತೂಗುಹಾಕಿ, ಗೂಡಿನಿಂದ ಹಾಳೆ ತೆಗೆದು, ಕಿಟಕಿಯ ಬೆಳಕಿಗೆ ಕೂತೆ. ಮೆಹಬೂಬಿ ಟೀಚರು ಕಲಿಸಿದ್ದರು: ಓದುವವರ ಕಣ್ಣು ಎಷ್ಟು ನೋಡಬಲ್ಲದೋ ಅಷ್ಟು ದೊಡ್ಡದಾಗಿ ಬರೆಯಬೇಕು. ಒಂದೊಂದು ಅಕ್ಷರವನ್ನೂ ಹೆಬ್ಬೆರಳಿನಷ್ಟು ಬರೆದೆ. ಊರಿನ ಸುದ್ದಿ ಬರೆಯಲಿಲ್ಲ. ಹುಟ್ಟು ಸಾವು ಬರೆಯಲಿಲ್ಲ. ಅವಳು ಕೇಳಿದ್ದಕ್ಕೆ ಉತ್ತರ ಮಾತ್ರ ಬರೆದೆ, ಇಡೀ ಹಾಳೆಗೆ ಮೂರು ಸಾಲು ಹಿಡಿಸಿತು.

"ಗರಗಸ ಭಾರ ಐತಿ ತಂಗಿ. ಅವತ್ತೂ ಭಾರ ಇತ್ತು. ನಿನ್ನ ಗಾಜಿನ ಬಳಿ ಸದ್ದು ಇವತ್ತ ಕೇಳಿಸ್ತು."

ಕೆಳಗೆ ಫಕೀರವ್ವ ಎಂದು ಬರೆದು ಹಾಳೆ ಮಡಿಸಿದೆ. ಅಂಚೆ ಕಚೇರಿಯಲ್ಲಿ ಪೋಸ್ಟ್ ಮಾಸ್ತರ ಇಮಾಮಸಾಬರು ಟಪಾಲು ಚೀಲ ಕಟ್ಟಲು ಕೂತಿದ್ದರು. ನನ್ನನ್ನು ನೋಡಿ ಕನ್ನಡಕ ಇಳಿಸಿದರು. "ಫಕೀರಕ್ಕಾ, ಇಷ್ಟ ವರ್ಷದಿಂದ ವರ್ಷಾ ಒಂದ ಲಕೋಟಿ ಒಯ್ತೀರಿ, ಒಂದರೆ ನಮ್ಮ ಡಬ್ಬಿಗೆ ಬೀಳಲಿಲ್ಲ. ಮನ್ಯಾಗ ಉಪ್ಪಿನಕಾಯಿ ಹಾಕೀರೇನು?"

"ಹಾಕಿದ್ದೆ," ಎಂದೆ. "ಇವತ್ತ ತಗದೀನಿ."

ಅವರು ಅಂಟು ಹಚ್ಚಿ ಮುಚ್ಚಿ, ತಕ್ಕಡಿಯ ಮೇಲಿಟ್ಟು ನೋಡಿ, ನನಗೇ ವಾಪಸು ಕೊಟ್ಟರು. "ತಗೋರಿ, ನಿಮ್ಮ ಕೈಯಿಂದನs ಹಾಕ್ರಿ. ಚೀಲ ಕಟ್ಟೂದು ಇನ್ನ ಐದ ಮಿನಿಟ ಐತಿ."

ನಾನು ಡಬ್ಬಿಯ ಕಡೆ ನಡೆದೆ. ಹಿಂದಿನಿಂದ ಇಮಾಮಸಾಬರು ನಕ್ಕರು. "ಒಳಗ ಒಂದs ಹಾಳಿ ಐತಿ ಅಕ್ಕಾ. ಎರಡೂ ಕೈಯಾಗ ಯಾಕ ಹಿಡದೀರಿ?"

ಆಗ ನೋಡಿಕೊಂಡೆ. ಲಕೋಟೆಯನ್ನು ಎದೆಗಾನಿಸಿ, ಎರಡೂ ಕೈಗಳಿಂದ, ಮೊಳಕೈ ಬಿಗಿದು ಹಿಡಿದಿದ್ದೆ. "ರೂಢಿ ಬಿದ್ದೈತ್ರಿ," ಎಂದೆ. ಎಡಗೈ ಬಿಟ್ಟೆ. ಬಲಗೈಯನ್ನು, ಆ ಉದ್ದನೆಯ ಕೈಯನ್ನು, ಡಬ್ಬಿಯ ಬಾಯಿಯವರೆಗೆ ಎತ್ತಿದೆ. ಲಕೋಟೆ ಒಳಗೆ ಜಾರಿತು. ಅದು ತಳಕ್ಕೆ ಬಿದ್ದ ಸದ್ದು ನನಗೆ ಕೇಳಿಸಲಿಲ್ಲ, ಅಷ್ಟು ಹೊತ್ತಿಗೆ ನನ್ನ ಬಳೆಗಳು ಝಣ್ ಎಂದಿದ್ದವು.